ಧ್ಯಾನಕ್ಕೆ ಕೂತು ನನಗೆ ನಾನೇ ಬೈದುಕೊಳ್ಳುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ಬಿಪಿ ಶುರುವಾದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ಧ್ಯಾನವನ್ನೂ ಮಾಡಿ ನೋಡಿ ಅಂದರು. ಆನ್‌ಲೈನಿನಲ್ಲಿ ಎಂಟು ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಧ್ಯಾನ) ಕೋರ್ಸ್ ಮುಗಿಸಿದೆ. ಈಗ ಬೆಳಿಗ್ಗೆ ಐದೂವರೆಗೆ ಎದ್ದು 20 ನಿಮಿಷ ಕೂರುತ್ತೇನೆ. ಉಸಿರು ನೋಡೋಣ ಅಂದರೆ ಮನಸ್ಸು ಡಬ್ಬಿಗೆ ಏನು ಪಲ್ಯ ಮಾಡೋದು, ನಿನ್ನೆ ಮ್ಯಾನೇಜರ್ ಏನಂದರು ಅಂತ ಓಡುತ್ತದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಎದ್ದ ಕೂಡಲೇ ಬಿಪಿ ನೋಡಿಕೊಳ್ಳುತ್ತೇನೆ, ಕೆಲವು ದಿನ ಜಾಸ್ತಿಯೇ ಇರುತ್ತದೆ! ಧ್ಯಾನದ ದಿನ ಎಣಿಸುವ ಆ್ಯಪ್‌ನಲ್ಲಿ 63 ದಿನ ಒಂದೂ ತಪ್ಪಿರಲಿಲ್ಲ. ಗಣೇಶ ಹಬ್ಬಕ್ಕೆ ಮನೆ ತುಂಬ ನೆಂಟರು ಬಂದರು, ಎರಡು ದಿನ ತಪ್ಪಿತು, ಲೆಕ್ಕ ಸೊನ್ನೆಗೆ ಬಂತು. ಅವತ್ತು ಅಳುವೇ ಬಂತು. ತಾಳ್ಮೆ, ಸ್ವೀಕಾರ ಅಂತ ಏಳು ಮನೋಭಾವ ಬೆಳೆಸಿಕೊಳ್ಳಿ ಎಂದು ಕೋರ್ಸಿನಲ್ಲಿ ಹೇಳಿದ್ದರು. ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಒಂದೂ ಬಂದಿಲ್ಲ. ಇನ್ನೊಂದು ಅನುಮಾನ: ಎಲ್ಲವನ್ನೂ ಸ್ವೀಕರಿಸಿ ಅಂದರೆ ಮನೆಯವರ ಚುಚ್ಚುಮಾತನ್ನೂ ಸ್ವೀಕರಿಸಬೇಕಾ? ಮದುವೆಯಾದ ದಿನದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಕೊನೆಯದಾಗಿ, ಮಂಡಿ ನೋವಿದೆ. ಕುರ್ಚಿ ಮೇಲೆ ಕೂತರೆ ನಡೆಯುತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಫ್ರಿಜ್ಜು. ಹಾಲು ತೆಗೆಯಲು ಹೋದಾಗಲೆಲ್ಲ ಏಳು ಸಾಲು ನಿಮ್ಮನ್ನು ನೋಡುತ್ತವೆ. ನೀವು ಒಂದೊಂದಕ್ಕೂ ಮನಸ್ಸಲ್ಲೇ ಮಾರ್ಕ್ಸ್ ಹಾಕಿಕೊಳ್ಳುತ್ತೀರಿ. ತಾಳ್ಮೆ: ಫೇಲ್. ಸ್ವೀಕಾರ: ಫೇಲ್. ಅದರಲ್ಲಿ ಮೊದಲನೇ ಸಾಲು 'ತೀರ್ಪು ಕೊಡದಿರುವುದು' ಅಂತಲೇ ಇರಬೇಕು, ಅಲ್ವಾ? ಪಟ್ಟಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತುಬಿಟ್ಟಿದೆ. ಇವತ್ತು ಸಂಜೆ ಅದನ್ನು ತೆಗೆದು ಯಾವುದಾದರೂ ಡೈರಿಯೊಳಗೆ ಇಡಿ. ಹರಿಯಬೇಡಿ, ಆಮೇಲೆ ಬೇಕಾಗುತ್ತದೆ.

ಆ ಪಟ್ಟಿ ಎಲ್ಲಿಂದ ಬಂತು ಗೊತ್ತಾದರೆ ಸ್ವಲ್ಪ ಹಗುರವಾಗಬಹುದು. ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಒಂದು ಕ್ಲಿನಿಕ್ ಶುರುಮಾಡಿದರು. ವರ್ಷಗಟ್ಟಲೆ ಬೆನ್ನುನೋವು, ತಲೆನೋವು ಅಂತ ಒದ್ದಾಡುತ್ತಿದ್ದವರನ್ನು, ಬರೀ ಔಷಧಿಯಿಂದ ಪೂರ್ತಿ ನೆಮ್ಮದಿ ಸಿಗದವರನ್ನು ಡಾಕ್ಟರುಗಳು ಅಲ್ಲಿಗೆ ಕಳಿಸುತ್ತಿದ್ದರು. ನೀವು ಮಾಡಿದ ಎಂಟು ವಾರದ ಕೋರ್ಸಿನ ಬೇರು ಅಲ್ಲಿದೆ. ತೀರ್ಪು ಕೊಡದಿರುವುದು, ತಾಳ್ಮೆ, ಹೊಸಬರ ಕಣ್ಣು, ತನ್ನ ಮೇಲೆ ನಂಬಿಕೆ, ಏನನ್ನೂ ಸಾಧಿಸಲು ಹೋಗದಿರುವುದು, ಸ್ವೀಕಾರ, ಹಿಡಿದದ್ದನ್ನು ಬಿಡುವುದು. ಈ ಏಳನ್ನೂ ಅವರು ಅಭ್ಯಾಸಕ್ಕೆ ಬೇಕಾದ ನೆಲ ಎಂದು ಹೇಳಿದ್ದು. ಮುಂದೆ ಕೃತಜ್ಞತೆ, ಉದಾರತೆ ಅಂತ ಇನ್ನೆರಡು ಸೇರಿಸಿದರು. ಇವೆಲ್ಲ ಬಂದ ಮೇಲೆ ಧ್ಯಾನ ಶುರು ಅಂತ ಅಲ್ಲ. ನೆಲ ಹದವಾಗುವುದು ಉಳುತ್ತಾ ಉಳುತ್ತಾ ತಾನೆ?

ಹಾಗಾದರೆ ಉಳುವುದು ಎಲ್ಲಿ? ಮೈಂಡ್‌ಫುಲ್‌ನೆಸ್ ಅನ್ನುವುದಕ್ಕೆ ಹಳೆಯ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಮೂಲ ಪದ 'ಸತಿ'. ನಮ್ಮ 'ಸ್ಮೃತಿ'ಯೇ ಅದು. ಅಂದರೆ ನೆನಪು. ಮರೆತಿದ್ದೆ, ಈಗ ನೆನಪಾಯಿತು. ನೀವು ಉಸಿರಿನ ಜೊತೆ ಕೂತಿದ್ದೀರಿ, ಹೀರೇಕಾಯಿ ಪಲ್ಯವಾ ಬದನೆಕಾಯಿಯಾ ಅಂತ ಶುರುವಾಯಿತು, ನಾಲ್ಕು ನಿಮಿಷ ಅಲ್ಲೇ ಕಳೆಯಿತು. ಆಮೇಲೆ ಒಂದು ಗಳಿಗೆ, 'ಅರೆ, ನಾನು ಕೂತಿದ್ದೇನಲ್ಲ' ಅಂತ ನೆನಪಾಗುತ್ತದೆ. ಸತಿ ಅಂದರೆ ಆ ಗಳಿಗೆಯೇ. ನೀವು ಸೋಲು ಅಂದುಕೊಂಡಿರುವುದೇ ಕೆಲಸ ನಡೆದ ಜಾಗ. 20 ನಿಮಿಷದಲ್ಲಿ ಮನಸ್ಸು 30 ಸಲ ಓಡಿ 30 ಸಲ ನೆನಪಾಗಿದ್ದರೆ, 30 ಸಲ ಅಭ್ಯಾಸವಾಗಿದೆ.

ನೆನಪಾದ ಮರುಕ್ಷಣ ಏನಾಗುತ್ತದೆ? ಅಲ್ಲೊಂದು ದನಿ ಇರುತ್ತದೆ. ಕೆಲವರಿಗೆ 'ಥೂ' ಅಂತ. ಕೆಲವರಿಗೆ 'ಮತ್ತೆ ಹೋಯ್ತಾ?' ಅಂತ. ಕೆಲವರಿಗೆ ಮಾತೇ ಇಲ್ಲ, ಹಲ್ಲು ಬಿಗಿಯಾಗುತ್ತದೆ, ಹುಬ್ಬು ಗಂಟಾಗುತ್ತದೆ, ಅಷ್ಟೆ. ಮನೋಭಾವ ಅಂತ ನಾವು ದೊಡ್ಡ ದೊಡ್ಡ ಮಾತಾಡುವುದು ನಿಜವಾಗಿ ಇರುವುದು ಈ ಅರ್ಧ ಸೆಕೆಂಡಿನಲ್ಲಿ. ಉಸಿರಿಗೆ ವಾಪಸ್ ಬರುವುದಂತೂ ಬರುತ್ತೀರಿ. ಯಾವ ದನಿಯಲ್ಲಿ ಕರೆದುಕೊಂಡು ಬರುತ್ತೀರಿ ಅನ್ನುವುದೇ ಪ್ರಶ್ನೆ.

ಅಂಬೆಗಾಲಿಡುವ ಮಗು ಹೊಸ್ತಿಲ ಕಡೆ ಹೋಗುತ್ತದೆ. ಎತ್ತಿಕೊಂಡು ಬಂದು ಚಾಪೆ ಮೇಲೆ ಬಿಡುತ್ತೀರಿ. ಮತ್ತೆ ಹೋಗುತ್ತದೆ. ಎಷ್ಟು ಸಲ ಹೋದರೂ 'ನಿನಗೆ ಯೋಗ್ಯತೆ ಇಲ್ಲ' ಅಂತ ಮಗುವಿಗೆ ಯಾರೂ ಹೇಳುವುದಿಲ್ಲ. ಅದು ಮೊದಲ ಸಲ ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಜನ ನಾವು! ಓಡುವುದು ಮಗುವಿನ ಗುಣ. ಮನಸ್ಸಿನದೂ ಅದೇ ಗುಣ.

ನನ್ನ ಕಥೆ ಒಂದು ಹೇಳಿಬಿಡುತ್ತೇನೆ, ನಿಮಗೆ ಜೊತೆ ಸಿಕ್ಕಂತಾಗುತ್ತದೆ. ನಾನು ಮೊದಲ ಸಲ ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಹೋದಾಗ 29 ವರ್ಷ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ. ನಾಲ್ಕನೇ ದಿನದಿಂದ 'ಅಧಿಷ್ಠಾನ' ಅಂತ ಶುರುವಾಗುತ್ತದೆ. ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಆದಷ್ಟು ಕೈಕಾಲು ಅಲ್ಲಾಡಿಸದೆ ಕೂರುವ ಸಂಕಲ್ಪ. ನನಗೆ ಎಡ ಮಂಡಿಯಲ್ಲಿ ಬೆಂಕಿ. ಎದುರಿನ ಸಾಲಿನಲ್ಲಿ ಬೂದುಬಣ್ಣದ ಶಾಲು ಹೊದ್ದ ಹಿರಿಯರೊಬ್ಬರು ಕಲ್ಲಿನ ಹಾಗೆ ಕೂತಿರುತ್ತಿದ್ದರು. ಅವರನ್ನು ಮೀರಿಸಬೇಕು ಅಂತ ನಾನು ಹಲ್ಲುಕಚ್ಚಿ ಕೂತೆ. ಗಂಟೆ ಮುಗಿಯುವ ಹೊತ್ತಿಗೆ ಈ ಶಿಬಿರಗಳನ್ನು ಶುರುಮಾಡಿದ ಗುರು ಗೋಯೆಂಕಾ ಅವರ ದನಿಯಲ್ಲಿ ಪಠಣದ ರೆಕಾರ್ಡಿಂಗ್ ಕೇಳಿಸುತ್ತದೆ. ನಾನು ಉಸಿರನ್ನು ನೋಡಿದ್ದಕ್ಕಿಂತ ಆ ದನಿಗೆ ಕಾದದ್ದೇ ಜಾಸ್ತಿ. ಹತ್ತನೇ ದಿನ ಮೌನ ಬಿಟ್ಟಾಗ ನೇರ ಆ ಶಾಲಿನ ಹಿರಿಯರ ಹತ್ತಿರ ಹೋಗಿ, "ಅಷ್ಟು ಹೊತ್ತು ಅಲ್ಲಾಡದೆ ಹೇಗೆ ಕೂರ್ತಿದ್ರಿ ಸಾರ್?" ಅಂತ ಕೇಳಿದೆ. ಅವರು ನಾಚಿಕೊಂಡು, "ನಿದ್ದೆ ಬಂದುಬಿಡ್ತಿತ್ತಪ್ಪಾ" ಅಂದರು.

ಹತ್ತು ದಿನ ನಾನು ಒಬ್ಬ ಮಲಗಿದ ಮನುಷ್ಯನ ಜೊತೆ ಪಂದ್ಯ ಕಟ್ಟಿದ್ದೆ.

ಸಂಕಲ್ಪ ತಪ್ಪಲ್ಲ, ಆದರೆ ನಾನು ಅದನ್ನು ಹಿಡಿದ ರೀತಿ ಬರೀ ಹಟ. ಪಾಲಿ ಗ್ರಂಥಗಳಲ್ಲಿ ಸೋಣ ಅನ್ನುವ ಭಿಕ್ಷುವಿನ ಪ್ರಸಂಗ ಬರುತ್ತದೆ. ಶ್ರೀಮಂತರ ಮನೆಯ ಹುಡುಗ, ಅಂಗಾಲು ಹೂವಿನಂತೆ ಮೆದು. ರಾಜಗೃಹದ ಹತ್ತಿರದ ಕಾಡಿನಲ್ಲಿ ನಡೆದಾಡುತ್ತಾ ಧ್ಯಾನ ಮಾಡಿ ಮಾಡಿ ಪಾದ ಒಡೆದು ರಕ್ತ ಬಂತು. ಇಷ್ಟು ಮಾಡಿದರೂ ಏನೂ ದಕ್ಕಲಿಲ್ಲ, ಮನೆಗೆ ಹೋಗಿ ದಾನ ಧರ್ಮ ಮಾಡಿಕೊಂಡಿರೋಣ ಅಂತ ಅವನು ಯೋಚಿಸುತ್ತಿದ್ದಾಗ ಬುದ್ಧ ಬಂದ. ಅವನು ಕೇಳಿದ್ದು ವೀಣೆಯ ವಿಚಾರ. ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ತೀರಾ ಬಿಗಿಯಾದರೆ ನುಡಿಯುತ್ತದಾ? ಇಲ್ಲ. ತೀರಾ ಸಡಿಲವಾದರೆ? ಆಗಲೂ ಇಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಬುದ್ಧ ಸೋಣನಿಗೆ ಹೊಸ ಪಾಠ ಏನೂ ಹೇಳಲಿಲ್ಲ ಅನ್ನುವುದು. ಶ್ರುತಿ ಮಾಡುವುದು ಅವನ ಕೈಗೆ ಆಗಲೇ ಗೊತ್ತಿತ್ತು. ನಿಮ್ಮ ಕೈಗೂ ಗೊತ್ತಿದೆ. ರೊಟ್ಟಿ ಬಡಿಯುವಾಗ ಎಷ್ಟು ಒತ್ತಬೇಕು ಅಂತ ಯಾರಾದರೂ ತೂಕ ಮಾಡಿ ಹೇಳಿದ್ದಾರಾ? ಜೋರಾಗಿ ಬಡಿದರೆ ಹರಿಯುತ್ತದೆ, ಹಗುರ ಬಡಿದರೆ ಹರಡುವುದಿಲ್ಲ. ಅದೇ ಕೈ ಇಲ್ಲೂ ಬೇಕು.

ಈಗ ಬಿಪಿ ಮಷೀನಿನ ವಿಚಾರ. ಹಾಲಿಗೆ ಹೆಪ್ಪು ಹಾಕಿ, ಹೆಪ್ಪಾಯಿತಾ ಅಂತ ಹತ್ತು ನಿಮಿಷಕ್ಕೊಮ್ಮೆ ಪಾತ್ರೆ ಅಲುಗಾಡಿಸಿ ನೋಡಿದರೆ ಮೊಸರು ಆಗುತ್ತದಾ? ಧ್ಯಾನದಿಂದ ಎದ್ದ ಕೂಡಲೇ ಬಿಪಿ ನೋಡುವುದು ಹಾಗೇ. ಇನ್ನು ಸ್ವಲ್ಪ ಹೊತ್ತಿಗೆ ನಂಬರ್ ಬರುತ್ತದೆ ಅಂತ ಮನಸ್ಸಿಗೆ ಗೊತ್ತಿದ್ದರೆ ಕೂತಿದ್ದಾಗಲೇ ಪರೀಕ್ಷೆಯ ಹಾಲ್ ಶುರುವಾಗುತ್ತದೆ. 'ಏನನ್ನೂ ಸಾಧಿಸಲು ಹೋಗದಿರುವುದು' ಅಂದರೆ ಇದು. ಬಿಪಿ ಇಳಿಯಲಿ ಅನ್ನುವ ಆಸೆ ಇರಲಿ, ಅದೇನು ತಪ್ಪಲ್ಲ. ಕೂತಿರುವ 20 ನಿಮಿಷ ಮಾತ್ರ ಅದನ್ನು ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಡಿ. ಬಿಪಿಯನ್ನು ಡಾಕ್ಟರು ಹೇಳಿದ ಹೊತ್ತಿಗೆ ನೋಡಿ. ಮಾತ್ರೆಯನ್ನಂತೂ ಅವರನ್ನು ಕೇಳದೆ ಬಿಡಬೇಡಿ, ಕಡಿಮೆಯೂ ಮಾಡಬೇಡಿ.

ಸಿಟ್ಟನ್ನು ತಳ್ಳಲು ಹೋಗಬೇಡಿ ಅಂತಲೂ ಹೇಳಬೇಕು. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ವೈದ್ಯನ ಕಥೆ ಅಜ್ಜಿಯರು ಹೇಳುತ್ತಿದ್ದರಲ್ಲ. ರೋಗಿಗೆ ಲೋಟ ಎತ್ತಿದಾಗಲೆಲ್ಲ ಮಂಗವೇ ಕಾಣುತ್ತಿತ್ತಂತೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಯವರೊಂದಿಗೆ ಅಮೆರಿಕದಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಅಲ್ಲಿ ಮಂಗದ ಬದಲು ಬಿಳಿ ಕರಡಿ. ಐದು ನಿಮಿಷ ಅದನ್ನು ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಯೋಚಿಸಬಹುದು ಅಂತ ಬಿಟ್ಟಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. 'ನಾನು ನನಗೆ ಬೈದುಕೊಳ್ಳಬಾರದು' ಅಂತ ಹೊಸ ನಿಯಮ ಮಾಡಿಕೊಂಡರೆ ಅದೂ ಒಂದು ಕರಡಿಯೇ. ಬೈದದ್ದು ಕಂಡಾಗ 'ಓ, ಬೈತಿದ್ದೇನೆ' ಅಂದರೆ ಸಾಕು.

ನಿಮ್ಮ ಪತ್ರದಲ್ಲಿ ತೂಕ ಇರುವ ಪ್ರಶ್ನೆ ಸ್ವೀಕಾರದ್ದು. ಅದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು. ನನ್ನ ಧ್ಯಾನದ ಗುಂಪುಗಳಿಗೆ ಬರುವ ಹೆಂಗಸರಲ್ಲಿ ಬಹಳ ಜನ ಇದನ್ನೇ ಕೇಳುತ್ತಾರೆ, ಗಂಡಸರು ಅಪರೂಪಕ್ಕೆ. ಯಾಕೆ ಅಂತ ನಿಮಗೆ ಗೊತ್ತು. 'ಹೊಂದ್ಕೊಂಡು ಹೋಗು' ಅನ್ನುವ ಮಾತನ್ನು ಯಾರಿಗೆ ಎಷ್ಟು ಸಲ ಹೇಳಿದ್ದಾರೆ ಅನ್ನುವುದರ ಮೇಲೆ ಸ್ವೀಕಾರ ಅನ್ನುವ ಪದ ಹೇಗೆ ಕೇಳಿಸುತ್ತದೆ ಅನ್ನುವುದು ನಿಂತಿದೆ.

ಐದನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬರೆದ ಬುದ್ಧಘೋಷ ಎಂಬ ಬೌದ್ಧ ಪಂಡಿತ ಒಂದು ಚಂದದ ಮಾತು ಕೊಟ್ಟಿದ್ದಾನೆ. ಒಂದೊಂದು ಒಳ್ಳೆಯ ಗುಣಕ್ಕೂ ಇಬ್ಬರು ಶತ್ರುಗಳು, ಒಬ್ಬ ದೂರದವನು, ಒಬ್ಬ ಹತ್ತಿರದವನು. ದೂರದವನನ್ನು ಗುರುತಿಸುವುದು ಸುಲಭ. ಪ್ರೀತಿಗೆ ದ್ವೇಷ ಶತ್ರು, ಅದು ಎಲ್ಲರಿಗೂ ಕಾಣುತ್ತದೆ. ಹತ್ತಿರದವನು ನೋಡಲು ಆ ಗುಣದ ಹಾಗೇ ಇರುತ್ತಾನೆ, ಅದಕ್ಕೇ ಮೋಸ. ಉಪೇಕ್ಷೆ ಅಂದರೆ ಸಮಚಿತ್ತ. ಅದಕ್ಕೆ ಹತ್ತಿರದ ಶತ್ರು, ಏನೂ ತಿಳಿಯದೆ ಸುಮ್ಮನಿರುವ ನಿರ್ಲಕ್ಷ್ಯ. (ಕನ್ನಡದಲ್ಲಿ 'ಉಪೇಕ್ಷೆ ಮಾಡಿದ' ಅಂದರೆ ಕಡೆಗಣಿಸಿದ ಅಂತಲೇ ಅರ್ಥ ಆಗಿಬಿಟ್ಟಿದೆ ನೋಡಿ. ಹತ್ತಿರದ ಶತ್ರು ಪದವನ್ನೇ ಕಬಳಿಸಿದ.) ಇದೇ ಲೆಕ್ಕದಲ್ಲಿ ಸ್ವೀಕಾರದ ಹತ್ತಿರದ ಶತ್ರು ಯಾರು ಅಂತ ನನ್ನನ್ನು ಕೇಳಿದರೆ, ನುಂಗಿಕೊಳ್ಳುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಹೆಂಗಸು ಸುಮ್ಮನಿದ್ದಾಳೆ ಅಂತ. ಒಳಗೆ ಮಾತ್ರ ತದ್ವಿರುದ್ಧ. ನುಂಗುವಾಗ ನೀವು ಹೇಳಿಕೊಳ್ಳುವುದು 'ಏನೂ ಆಗಿಲ್ಲ ಬಿಡು' ಅಂತ. ಸ್ವೀಕಾರದಲ್ಲಿ ಹೇಳಿಕೊಳ್ಳುವುದು 'ಆಗಿದೆ, ನೋವಾಗಿದೆ' ಅಂತ.

ಒಂದು ಸಂಜೆ ಇಟ್ಟುಕೊಳ್ಳಿ. ನೀವು ಒಲೆಯ ಮುಂದೆ ಇದ್ದೀರಿ. ಹಿಂದಿನಿಂದ ಒಂದು ಮಾತು ಬಂತು, 'ದುಡಿಯೋ ಸೊಸೆಗೆ ಸಾರಿಗೆ ಉಪ್ಪು ಹಾಕೋಕೆ ಎಲ್ಲಿ ನೆನಪಿರುತ್ತೆ' ಅಂತ. ಕಿವಿ ಬಿಸಿಯಾಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಸೌಟು ಹಿಡಿದ ಕೈ ಬಿಗಿಯುತ್ತದೆ. ನೀವು ಸ್ವೀಕರಿಸಬೇಕಾದದ್ದು ಇಷ್ಟನ್ನೇ: ಬಿಸಿ, ಗಂಟಲು, ಕೈ, 'ಸಿಟ್ಟು ಬಂದಿದೆ' ಅನ್ನುವ ಸತ್ಯ. ಆ ಮಾತು ಸರಿ ಅಂತ ಒಪ್ಪಬೇಕಾಗಿಲ್ಲ. ಅವರಿಗೆ ಹಾಗೆ ಅನ್ನುವ ಹಕ್ಕಿದೆ ಅಂತಲೂ ಒಪ್ಪಬೇಕಾಗಿಲ್ಲ. ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಒಂದು ಉಸಿರು ಬಿಡಿ, ಆಮೇಲೆ ಏನು ಮಾಡಬೇಕೋ ನಿರ್ಧರಿಸಿ. "ಅತ್ತೆ, ಹಾಗೆ ಅನ್ನಬೇಡಿ, ನನಗೆ ಬೇಜಾರಾಗ್ತದೆ" ಅನ್ನಬಹುದು. ಅಲ್ಲಿಂದ ಎದ್ದು ಹೋಗಬಹುದು. ರಾತ್ರಿ ಗಂಡನ ಹತ್ತಿರ ಮಾತಾಡಬಹುದು. ಆ ದಿನಕ್ಕೆ ಸುಮ್ಮನೂ ಇರಬಹುದು. ಆಗ ಅದು ನೀವು ಆರಿಸಿಕೊಂಡ ಸುಮ್ಮನಿರುವಿಕೆ. ಅಭ್ಯಾಸ ಚೆನ್ನಾಗಿ ಕೂತಂತೆ ಕೆಲವರಿಗೆ ಮಾತು ಜಾಸ್ತಿಯಾಗುತ್ತದೆ. ಮನೆಯವರು 'ಧ್ಯಾನ ಮಾಡಿ ಇವಳು ಕೆಟ್ಟಳು' ಅಂದದ್ದನ್ನೂ ಕೇಳಿದ್ದೇನೆ! ಮಾತು ಕೈ ಎತ್ತುವವರೆಗೆ ಹೋಗುತ್ತಿದ್ದರೆ ಅದು ಧ್ಯಾನದ ಪ್ರಶ್ನೆಯೇ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಆ್ಯಪ್‌ನ 63 ದಿನಕ್ಕೆ ಬರೋಣ. ಅಭ್ಯಾಸ ಗಟ್ಟಿಯಾಗಲು ಯೋಗಸೂತ್ರ ಬರೆದ ಪತಂಜಲಿ ಮೂರು ಮಾತು ಹೇಳುತ್ತಾನೆ. ದೀರ್ಘಕಾಲ, ನೈರಂತರ್ಯ, ಸತ್ಕಾರ. ತುಂಬ ದಿನ ಮಾಡಬೇಕು, ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಆ್ಯಪ್‌ಗೆ ಎಣಿಸಲು ಬರುವುದು ನಡುವಿನದೊಂದೇ. ಸತ್ಕಾರ ಅಂದರೆ ಕನ್ನಡದಲ್ಲಿ ನಮಗೆ ಏನು ನೆನಪಾಗುತ್ತದೆ? ಮನೆಗೆ ಬಂದವರಿಗೆ ಚಾಪೆ ಹಾಸಿ ನೀರು ಕೊಡುವುದು. ಗಣೇಶ ಹಬ್ಬದ ಆ ಎರಡು ದಿನ ನೀವು ನೆಂಟರಿಗೆ ಬಡಿಸುತ್ತಾ ಒಳಗೊಳಗೇ ಲೆಕ್ಕ ತಪ್ಪಿತಲ್ಲ ಅಂತ ಕುದಿಯುತ್ತಿದ್ದಿರಿ ಅನ್ನಿಸುತ್ತದೆ. ನನ್ನ ಸಲಹೆ, ಆ ಲೆಕ್ಕ ತೋರಿಸುವ ಸೌಲಭ್ಯವನ್ನು ಬಂದ್ ಮಾಡಿ. ಆಗದಿದ್ದರೆ ಆ್ಯಪ್ ತೆಗೆದು ಅಡುಗೆಮನೆಯ ಟೈಮರ್ ಇಟ್ಟುಕೊಳ್ಳಿ. ತಪ್ಪಿದ ಮರುದಿನ ಕೂರುವುದು ಕೂಡ ಅಭ್ಯಾಸವೇ. ನನ್ನ ಪ್ರಕಾರ 64ನೇ ದಿನಕ್ಕಿಂತ ಆ 'ಒಂದನೇ' ದಿನಕ್ಕೇ ಬೆಲೆ ಜಾಸ್ತಿ.

ಪಟ್ಟಿಯಲ್ಲಿ ಉಳಿದದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಹೊಸಬರ ಕಣ್ಣು' ಮಾತ್ರ ಒಂದು ಸಲ ಮಾಡಿ ನೋಡಿ, ಅದು ಖುಷಿ ಕೊಡುತ್ತದೆ. ಕೋರ್ಸಿನಲ್ಲಿ ನಿಮಗೂ ಒಣದ್ರಾಕ್ಷಿ ಕೊಟ್ಟಿರಬಹುದು, ಅಥವಾ ಮನೆಯಲ್ಲೇ ತೆಗೆದುಕೊಳ್ಳಿ ಅಂದಿರಬಹುದು. ಒಂದೇ ಒಂದನ್ನು ಮೊದಲ ಸಲ ಕಂಡವರ ಹಾಗೆ ನೋಡಿ, ಮೂಸಿ, ಕಿವಿಯ ಹತ್ತಿರ ಹಿಡಿದು, ಆಮೇಲೆ ತಿನ್ನುವುದು. ನನ್ನ ಗುಂಪಿಗೆ ಒಮ್ಮೆ ವಿಜಯಪುರದ ಕಡೆಯ ರೈತರೊಬ್ಬರು ಬಂದಿದ್ದರು, ದ್ರಾಕ್ಷಿ ಒಣಗಿಸಿ ಮಾರುವುದೇ ಅವರ ಕಸುಬು. ಇವರಿಗೆ ಇದರಲ್ಲೇನು ಹೊಸದು ಅಂತ ನನಗೇ ಸಂಕೋಚವಾಗಿತ್ತು. ಅವರು ಅದನ್ನು ಕಿವಿಯ ಹತ್ತಿರ ಬೆರಳಲ್ಲಿ ಹಿಸುಕಿ, "ಸಪ್ಪಳ ಮಾಡ್ತದ್ರೀ ಇದು!" ಅಂತ ಪಕ್ಕದವರಿಗೆ ತೋರಿಸಿದರು. ಟನ್ನುಗಟ್ಟಲೆ ಮಾರಿದ್ದರು, ಒಂದರ ಸದ್ದು ಕೇಳಿರಲಿಲ್ಲ. ನೀವು ಉಸಿರನ್ನು ನೋಡುವಾಗಲೂ ಹೀಗೇ. 'ಉಸಿರು ಅಂದರೆ ಗೊತ್ತು' ಅಂತ ಕೂತರೆ ಎರಡು ನಿಮಿಷಕ್ಕೆ ಬೇಜಾರು. ಒಳಗೆ ಬರುವ ಗಾಳಿ ಹೊರಹೋಗುವ ಗಾಳಿಗಿಂತ ತಣ್ಣಗಿದೆಯಾ, ಒಂದು ಹೊಳ್ಳೆಯಲ್ಲಿ ಜಾಸ್ತಿ ಆಡುತ್ತಿದೆಯಾ, ಒಂದು ಉಸಿರು ಮುಗಿದು ಇನ್ನೊಂದು ಶುರುವಾಗುವ ಮುಂಚೆ ತುಸು ನಿಲ್ಲುತ್ತದಾ ಅಂತ ಒಮ್ಮೆ ನೋಡಿ.

ಮುಂದಿನ ಎರಡು ವಾರ ಇಷ್ಟು ಮಾಡಿ. 20 ನಿಮಿಷ ಬೇಡ, 10 ಸಾಕು. ಮನಸ್ಸು ಓಡಿದ್ದು ನೆನಪಾದಾಗ ಉಸಿರಿಗೆ ಓಡೋಡಿ ವಾಪಸ್ ಬರಬೇಡಿ. ಒಂದು ಕ್ಷಣ ನಿಂತು, ಈಗ ಯಾವ ದನಿ ಬಂತು, ಹಲ್ಲು ಬಿಗಿದಿದೆಯಾ ಅಂತ ನೋಡಿ. ದನಿ ಒರಟಾಗಿದ್ದರೆ ಒರಟಾಗಿದೆ. ಬದಲಾಯಿಸಲು ಹೋಗಬೇಡಿ. ಆಮೇಲೆ ಮನಸ್ಸಲ್ಲೇ 'ಬಾ' ಅನ್ನಿ. ನಿಮ್ಮ ಮಕ್ಕಳನ್ನು ಊಟಕ್ಕೆ ಕರೆಯುವಾಗ ಬರುವ 'ಬಾ', ಲೆಡ್ಜರ್ ತಪ್ಪಾದಾಗ ಕ್ಯಾಬಿನ್ನಿಗೆ ಕರೆಯುವ 'ಬಾ' ಅಲ್ಲ. ನಿಮ್ಮ ಕಡೆಯ ಮದುವೆಗಳಲ್ಲಿ ಮಂಗಳಾಷ್ಟಕದ ಕೊನೆಗೆ 'ಸಾವಧಾನ' ಅಂತ ಕೂಗುತ್ತಾರಲ್ಲ, ಅಲ್ಲಿ ಅದಕ್ಕೆ ಎಚ್ಚರದಿಂದಿರು ಅಂತ ಅರ್ಥ. ಮನೆಯಲ್ಲಿ ಹಿರಿಯರು 'ಸಾವಧಾನ ಮಾಡವ್ವಾ' ಅಂದರೆ ಅವಸರ ಮಾಡಬೇಡ ಅಂತ ಅರ್ಥ. ಎಚ್ಚರ, ಅವಸರವಿಲ್ಲದಿರುವುದು, ಎರಡಕ್ಕೂ ನಮ್ಮಲ್ಲಿ ಒಂದೇ ಪದ. ಏಳು ಸಾಲಿನ ಬದಲು ಫ್ರಿಜ್ ಮೇಲೆ ಏನಾದರೂ ಬೇಕೇ ಬೇಕು ಅಂದರೆ ಇದೊಂದು ಇರಲಿ.

ಒಂದು ಎಚ್ಚರಿಕೆ. ಕೂತಾಗ ಹಳೆಯ ಯಾವುದೋ ಭಯದ ನೆನಪು ನುಗ್ಗಿ ಬಂದರೆ, ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾದರೆ, 'ಎದುರಿಸಬೇಕು' ಅಂತ ಹಟ ಮಾಡಬೇಡಿ. ಕಣ್ಣು ಬಿಡಿ, ಎದ್ದು ಓಡಾಡಿ, ಮುಖಕ್ಕೆ ನೀರು ಹಾಕಿಕೊಳ್ಳಿ. ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟರೇ ಗಾಬರಿಯಾಗುತ್ತದೆ. ಅಂಥವರು ಅಂಗಾಲಿನ ಸ್ಪರ್ಶವನ್ನೋ, ಹೊರಗಿನ ಹಕ್ಕಿ ಸದ್ದನ್ನೋ ಹಿಡಿದುಕೊಳ್ಳಬಹುದು. ಇದು ಮತ್ತೆ ಮತ್ತೆ ಆಗುತ್ತಿದ್ದರೆ, ಅಥವಾ ವಾರಗಟ್ಟಲೆ ನಿದ್ದೆ ಊಟ ಸೇರದೆ ಅಳು ಬರುತ್ತಿದ್ದರೆ, ಧ್ಯಾನವನ್ನು ಪಕ್ಕಕ್ಕಿಟ್ಟು ಮನೋವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಕುರ್ಚಿಯ ವಿಚಾರ: ಧಾರಾಳವಾಗಿ ಕೂರಿ. ಊಟದ ಟೇಬಲ್ಲಿನ ಕುರ್ಚಿ ಒಳ್ಳೆಯದು, ಸೋಫಾ ಬೇಡ, ನಿದ್ದೆ ಬರುತ್ತದೆ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ. ತಾಗದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ನಾನೂ ಐದಾರು ವರ್ಷದಿಂದ ಕುರ್ಚಿಯಲ್ಲೇ ಕೂರುತ್ತಿದ್ದೇನೆ. ಆ ಎಡ ಮಂಡಿ ಇನ್ನೂ ಸರಿಹೋಗಿಲ್ಲ.